ಹಳೆಯ ಪರವಾನಗಿ

ಕಳೆದ ವರ್ಷ ಶ್ರಾವಣದ ಒಂದು ಸಂಜೆ ನಾನು ನಮ್ಮೂರಿನ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿ, "ವಿಂಡೋಸ್ 98 ಇದ್ದರೆ ಒಂದು ಕೊಡಪ್ಪ" ಎಂದು ಕೇಳಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಹುಡುಗ ನನ್ನ ನರೆತ ತಲೆಯನ್ನೊಮ್ಮೆ ನೋಡಿ, ಬಹಳ ವಿನಯದಿಂದ, "ಸಾರ್, ನಾನು ಹುಟ್ಟಿದ್ದೇ ಅದಾದ ಮೇಲೆ" ಎಂದ. ಹಳೆಯ ಪುಸ್ತಕವನ್ನು ಕೇಳಿದವನನ್ನು ಲೋಕ ವಿದ್ವಾಂಸನೆಂದು ಗೌರವಿಸುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಮ್ ಕೇಳಿದವನಿಗೆ ಅರಳುಮರುಳು ಹಿಡಿದಿದೆಯೆಂದು ಮರುಗುತ್ತದೆ. ಆ ಮರುಕಕ್ಕೆ ಪಾತ್ರನಾದ ನಾನು ಮುಂದಿನ ನಾಲ್ಕು ತಿಂಗಳಲ್ಲಿ ಕಲಿತದ್ದನ್ನು ಕೇಳುಗ ಮಿತ್ರರ ಮುಂದೆ ಇಡಬೇಕೆಂದಿದ್ದೇನೆ.

ನನ್ನ ಅಗತ್ಯವನ್ನು ಮೊದಲು ಹೇಳುತ್ತೇನೆ. ಅಧ್ಯಾಪಕನಾಗಿದ್ದಾಗ ರಜೆ ದೊರೆತಾಗಲೆಲ್ಲ ನಾನು ಮಲೆನಾಡಿನ ಅಡಕೆ ತೋಟಗಳನ್ನು ಸುತ್ತಿ, ಆ ಕಸುಬಿನ ಮಾತುಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳುತ್ತಿದ್ದೆ. ಹಾಳೆ, ಸೋಗೆ, ಚೊಗರು, ಗೊರಬಲು ಮುಂತಾದುವು ಈಗಲೂ ಜನರ ಬಾಯಲ್ಲಿವೆ. ಆದರೆ ಮರದ ತುದಿಯಲ್ಲಿ ನಿಂತ ಕೊನೆಗೌಡ ಕೆಳಗೆ ಹಗ್ಗ ಹಿಡಿದವನಿಗೆ ಕೂಗಿ ಹೇಳುವ ಸೂಚನೆಗಳು, ಮಳೆಗೆ ಮುನ್ನ ಕೊನೆಗಳಿಗೆ ಕೊಟ್ಟೆ ಕಟ್ಟುವಾಗಿನ ಮಾತುಗಳು, ಇವು ಹಿಂದೆಯೇ ಅಪರೂಪವಾಗುತ್ತಿದ್ದವು. 1999ರಲ್ಲಿ ಸಾಲ ಮಾಡಿ ಒಂದು ಕಂಪ್ಯೂಟರನ್ನು ಕೊಂಡು, ನಾಲ್ಕು ವರ್ಷ ಕುಳಿತು, ಆ ಚೀಟಿಗಳನ್ನೆಲ್ಲ ಒಂದು ಪದಕೋಶವಾಗಿ ಅದಕ್ಕೆ ಊಡಿದೆ. ಚೀಟಿಗಳ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದೆ. ಅಟ್ಟದಲ್ಲಿ ಅದನ್ನು ಗೆದ್ದಲು ಓದಿ ಮುಗಿಸಿತು. ನಿವೃತ್ತನಾದ ಮೇಲೆ ಪದಕೋಶವನ್ನು ಅಚ್ಚಿಗೆ ಸಿದ್ಧಪಡಿಸೋಣವೆಂದು ಬಹುಕಾಲ ಮುಚ್ಚಿಟ್ಟಿದ್ದ ಯಂತ್ರದ ಗುಂಡಿ ಒತ್ತಿದರೆ, ಸ್ವಲ್ಪ ಹೊಗೆ ಬಂದಿತು, ಬೇರೇನೂ ಬರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಆತ ಬಂದು ನೋಡಿ, "ಮದರ್‌ಬೋರ್ಡ್ ಸುಟ್ಟಿದೆ ಮೇಷ್ಟ್ರೇ, ಹಾರ್ಡ್ ಡಿಸ್ಕ್ ಉಳಿದಿದೆ" ಎಂದ. ಹಾಗಾದರೆ ಅದರೊಳಗಿನ ಬರಹವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆಯಬಹುದಲ್ಲ ಎಂದರೆ, ಅದು ಸಾಧ್ಯವಿರಲಿಲ್ಲ. ನಾನು ಬಳಸಿದ್ದ ಕನ್ನಡ ಅಕ್ಷರಜೋಡಣೆಯ ತಂತ್ರಾಂಶ ತನ್ನದೇ ಗೂಢಲಿಪಿಯಲ್ಲಿ ಬರಹವನ್ನು ಇಡುತ್ತಿತ್ತು. ಅದನ್ನು ಅದೇ ತೆರೆಯಬೇಕು. ಅದಕ್ಕೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ, ಹೆಬ್ಬೆರಳಿನ ಗಾತ್ರದ ಒಂದು ಬೀಗವೂ ಇತ್ತು. ಆ ತಂತ್ರಾಂಶವೂ ಆ ಬೀಗವೂ ವಿಂಡೋಸ್ 98ರ ಆಚೆಗೆ ಒಂದು ಹೆಜ್ಜೆಯನ್ನೂ ಇಡಲೊಲ್ಲವು. ಮಾರಿದ ಸಂಸ್ಥೆ ಎಂದೋ ಬಾಗಿಲು ಹಾಕಿತ್ತು.

ಆಪರೇಟಿಂಗ್ ಸಿಸ್ಟಮ್ ಎಂದರೇನೆಂದು ಕೇಳುವವರು ನಮ್ಮಲ್ಲಿ ಇನ್ನೂ ಇರಬಹುದು. ಮದುವೆಯ ಮನೆಯಲ್ಲಿ ಅಡುಗೆಯವರು, ಬಡಿಸುವವರು, ವಾಲಗದವರು ಎಲ್ಲರೂ ಕಣ್ಣಿಗೆ ಕಾಣುತ್ತಾರೆ. ಅವರಿಗೆಲ್ಲ ಜಾಗ, ಹೊತ್ತು, ಸಾಮಗ್ರಿ ಹಂಚುವ ಪಾರುಪತ್ಯಗಾರ ಮಾತ್ರ ಕಾಣುವುದಿಲ್ಲ. ಕಂಪ್ಯೂಟರಿನೊಳಗೆ ಆ ಪಾರುಪತ್ಯ ಮಾಡುವುದೇ ಆಪರೇಟಿಂಗ್ ಸಿಸ್ಟಮ್. ನನ್ನ ತಂತ್ರಾಂಶಕ್ಕೆ ಹಳೆಯ ಪಾರುಪತ್ಯಗಾರನೇ ಆಗಬೇಕಾಗಿತ್ತು. ಹೊಸಬರ ಮಾತು ಅದಕ್ಕೆ ತಿಳಿಯದು.

ವಿದ್ಯಾರ್ಥಿ ಗುಜರಿಯಿಂದ ಅದೇ ಕಾಲದ ಇನ್ನೊಂದು ಯಂತ್ರವನ್ನು ತಂದ. "ಸಿಸ್ಟಮ್ಮಿಗೆ ಚಿಂತೆ ಬೇಡ ಮೇಷ್ಟ್ರೇ, ನನ್ನ ಹತ್ತಿರ ಕಾಪಿ ಸೀಡಿ ಇದೆ. ಅರ್ಧ ಗಂಟೆಯ ಕೆಲಸ" ಎಂದ. ನಾನು ಸುಟ್ಟುಹೋದ ಯಂತ್ರದ ಮೇಲೆ ಅಂಟಿಸಿದ್ದ ಚೀಟಿಯನ್ನು ತೋರಿಸಿ, ಹಣ ಕೊಟ್ಟು ಕೊಂಡ ಪರವಾನಗಿ ನನ್ನಲ್ಲಿಯೇ ಇದೆಯಲ್ಲ ಎಂದೆ. ಆಗ ಆತ ನಕ್ಕು ಹೇಳಿದ್ದು ನನಗೆ ಹೊಸ ಪಾಠ. ಪರವಾನಗಿಯಲ್ಲಿ ಎರಡು ಬಗೆ. ಯಂತ್ರದೊಡನೆಯೇ ಬರುವಂಥದು ಅಗ್ಗ; ಆದರೆ ಅದು ಆ ಯಂತ್ರಕ್ಕೆ ಕಟ್ಟುಬಿದ್ದದ್ದು. ಯಂತ್ರವನ್ನು ಮಾರಿದರೆ ಅದರೊಡನೆ ಹೋಗುತ್ತದೆ, ಯಂತ್ರ ಸತ್ತರೆ ಅದರೊಡನೆಯೇ ಚಿತೆಯೇರುತ್ತದೆ. ಪೆಟ್ಟಿಗೆಯಲ್ಲಿ ಬಿಡಿಯಾಗಿ ಮಾರುವಂಥದು ದುಬಾರಿ. ಅದನ್ನು ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು. ತಟ್ಟೆ, ಕೈಪುಸ್ತಕ, ಪ್ರಮಾಣಪತ್ರ ಸಮೇತ ಇನ್ನೊಬ್ಬರಿಗೆ ವಹಿಸಿಯೂ ಬಿಡಬಹುದು. ನನ್ನದು ಮೊದಲನೆಯ ಬಗೆಯದು. ಗುಜರಿಯ ಯಂತ್ರದ ಚೀಟಿ ಕಿತ್ತುಹೋಗಿತ್ತು. ಇದರಲ್ಲಿ ಮೋಸವೇನೂ ಇರಲಿಲ್ಲ. ಎಲ್ಲವೂ ಕರಾರಿನಲ್ಲಿ ಬರೆದೇ ಇತ್ತು. 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು 1999ರಲ್ಲಿ ನಾನು ಓದದೆಯೇ ಒತ್ತಿದ್ದೆ. ಸಾಲುಸಾಲಾಗಿ ಓದಿ ಅರ್ಥ ಹೇಳುವುದೇ ವೃತ್ತಿಯಾಗಿದ್ದವನು ತನ್ನ ರುಜುವಿನ ಮೇಲಿದ್ದ ಸಾಲುಗಳನ್ನು ಓದಿರಲಿಲ್ಲ.

"ಮಾರುವವರೇ ಇಲ್ಲದ ಸರಕು ಮೇಷ್ಟ್ರೇ. ಕಾಪಿ ಹಾಕಿಕೊಂಡರೆ ನಷ್ಟ ಯಾರಿಗೆ?" ಎಂದು ವಿದ್ಯಾರ್ಥಿ ಕೇಳಿದ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಸಿಸ್ಟಮ್ಮಿಗೆ ತಯಾರಕರ ಬೆಂಬಲ 2006ರ ಜುಲೈ 11ಕ್ಕೇ ನಿಂತಿತು. ಅವರು ಅದನ್ನು ಮಾರುವುದನ್ನೂ ನಿಲ್ಲಿಸಿದ್ದಾರೆ. ನಮ್ಮ ಪರಂಪರೆಯಾದರೂ ಪ್ರತಿ ಮಾಡುವುದನ್ನು ಪುಣ್ಯವೆಂದೇ ಎಣಿಸಿತ್ತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ನಾವು ದಾನಚಿಂತಾಮಣಿ ಎಂದು ಕೊಂಡಾಡುತ್ತೇವೆ. ಹೀಗಿರುವಲ್ಲಿ ನನ್ನ ಹಿಂಜರಿಕೆಗೆ ಕಾರಣವೇನು? ಮೂವತ್ತು ವರ್ಷ ತರಗತಿಯಲ್ಲಿ ನಿಂತು, ಇನ್ನೊಬ್ಬರ ಸಾಲನ್ನು ಕೇಳದೆ ಎತ್ತಿಕೊಳ್ಳಬಾರದೆಂದು ಬೋಧಿಸಿದವನು ನಾನು. ಕೇಳಿಸಿಕೊಂಡವರಲ್ಲೊಬ್ಬ ಎದುರಿಗೇ ತಿರುಗುಳಿ ಹಿಡಿದು ನಿಂತಿದ್ದ.

ಕಾನೂನು ಬಲ್ಲ ಸ್ನೇಹಿತರೊಬ್ಬರನ್ನು ಕೇಳಿದೆ. ಅವರು ತಿಳಿಸಿದ ಒಂದು ಸಂಗತಿ ಸಾಹಿತ್ಯದ ಮೇಷ್ಟರಾದ ನನ್ನನ್ನು ಬೆರಗುಗೊಳಿಸಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ, 1984ರ ತಿದ್ದುಪಡಿಯ ತರುವಾಯ, ಕಂಪ್ಯೂಟರಿನ ಕ್ರಮವಿಧಿಯನ್ನು 'ಸಾಹಿತ್ಯ ಕೃತಿ'ಗಳ ಸಾಲಿಗೆ ಸೇರಿಸಿದೆ! ಕಾದಂಬರಿಯಂತೆಯೇ ಅದರ ಹಕ್ಕೂ ಕರ್ತೃವಿನ ಮರಣಾನಂತರ 60 ವರ್ಷ ನಿಲ್ಲುತ್ತದೆ. ಎಂದರೆ ವಿಂಡೋಸ್ 98 ಎಲ್ಲರ ಸೊತ್ತಾಗುವ ಹೊತ್ತಿಗೆ ನಾನಿರಲಿ, ನನ್ನ ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ. ಬೆಂಬಲ ನಿಂತಿತೆಂದ ಮಾತ್ರಕ್ಕೆ ಹಕ್ಕು ನಿಲ್ಲುವುದಿಲ್ಲ. ಅಚ್ಚಿನಲ್ಲಿಲ್ಲದ ಪುಸ್ತಕದ ಹಕ್ಕು ಲೇಖಕನಲ್ಲೇ ಉಳಿಯುವಂತೆ. ಆದರೆ ಅದೇ ಕಾಯಿದೆ ಒಂದು ದಯೆಯನ್ನೂ ತೋರಿದೆ: ಕಾನೂನುಬದ್ಧವಾದ ಪ್ರತಿ ಉಳ್ಳವನು, ಅದು ಕಳೆದುಹೋದೀತು, ಹಾಳಾದೀತು ಎಂಬ ಭಯಕ್ಕೆ, ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬಹುದು.

ಹಾಗಾದರೆ ನಾವು ಹಣ ಕೊಟ್ಟು ಕೊಳ್ಳುವುದೇನನ್ನು? ಸರ್ವೋಚ್ಚ ನ್ಯಾಯಾಲಯ ಇದನ್ನು ಒಂದಕ್ಕಿಂತ ಹೆಚ್ಚು ಸಲ ವಿಚಾರಿಸಿದೆ. ತಟ್ಟೆಯ ಮೇಲೆ ಇಳಿಸಿ ಮಾರುವ ಸಿದ್ಧ ತಂತ್ರಾಂಶ ಅಕ್ಕಿಬೇಳೆಯಂತೆ ಒಂದು ಸರಕೇ, ಮಾರಾಟ ತೆರಿಗೆಗೆ ಒಳಪಟ್ಟದ್ದೇ ಎಂದು 2004ರಲ್ಲಿ ತೀರ್ಪಾಯಿತು. ಬಳಕೆಗೆಂದು ಕೊಂಡವನ ಕೈಗೆ ಬರುವುದು ಒಂದು ಪ್ರತಿ ಮಾತ್ರ, ಕೃತಿಸ್ವಾಮ್ಯದ ಯಾವ ಅಂಶವೂ ಅಲ್ಲ ಎಂದು 2021ರಲ್ಲಿ, ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೋದ ಆದಾಯ ತೆರಿಗೆಯ ಮೇಲ್ಮನವಿಗಳಲ್ಲಿ, ಇತ್ಯರ್ಥವಾಯಿತು. ಪುಸ್ತಕದಂತೆಯೇ ಎನಿಸಬಹುದು. ಆದರೆ ನಾನು ಕೊಂಡ ಪುಸ್ತಕವನ್ನು ಇದೇ ಬೀರುವಿನಲ್ಲಿಡು, ಬೀರು ಮುರಿದರೆ ಓದಬೇಡ ಎಂದು ಯಾವ ಪ್ರಕಾಶಕರೂ ಹೇಳುವುದಿಲ್ಲ.

ಕೊಳ್ಳುವುದಕ್ಕೂ ಪರವಾನಗಿ ಪಡೆಯುವುದಕ್ಕೂ ಇರುವ ಅಂತರವನ್ನು ಈ ವ್ಯಾಪಾರದ ಹಿರಿಯರು ಮೊದಲೇ ಬಲ್ಲವರು. 1980ರಲ್ಲಿ ಅಮೆರಿಕದ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆಗಾಗಿ ಟಿಮ್ ಪ್ಯಾಟರ್ಸನ್ ಎಂಬ ತರುಣ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಮ್ ಬರೆದ. ಮೈಕ್ರೋಸಾಫ್ಟ್ ಮೊದಲು 25,000 ಡಾಲರಿಗೆ ಅದರ ಪರವಾನಗಿಯನ್ನು ಪಡೆದು, 1981ರಲ್ಲಿ ಇನ್ನೂ 50,000 ಕೊಟ್ಟು ಅದನ್ನು ಪೂರ್ತಿಯಾಗಿ ಕೊಂಡುಬಿಟ್ಟಿತು. ಕೊಂಡದ್ದನ್ನು ಐಬಿಎಂಗೆ ಮಾರಲಿಲ್ಲ. ಬಳಸುವ ಪರವಾನಗಿಯನ್ನಷ್ಟೇ ಕೊಟ್ಟು, ಇತರರಿಗೂ ಕೊಡುವ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ಅದೇ ಡಾಸ್. ನನ್ನ ವಿಂಡೋಸ್ 98ರ ತಳಪಾಯವೂ ಅದೇ. ಮೂಲ ಸಂಸ್ಥೆ ಮಾರುವಾಗ, ತನ್ನ ಯಂತ್ರಗಳೊಡನೆ ಡಾಸನ್ನು ಉಚಿತವಾಗಿ ಕೊಡುವ ಒಂದು ಪರವಾನಗಿಯನ್ನು ಉಳಿಸಿಕೊಂಡಿತ್ತು. ಮುಂದೆ ಅದರ ವ್ಯಾಪಾರ ಸೊರಗಿದಾಗ ಆ ಹಳೆಯ ಪರವಾನಗಿಯೇ ಆಸ್ತಿಯಾಗಿ, ವ್ಯಾಜ್ಯವಾಗಿ, 1986ರಲ್ಲಿ 9,25,000 ಡಾಲರಿಗೆ ರಾಜಿಯಾಯಿತು. ಮಾರುವಾಗ ಪಡೆದ ಬೆಲೆಗಿಂತ ಉಳಿಸಿಕೊಂಡ ಒಂದು ಷರತ್ತಿನ ಬೆಲೆ ಹತ್ತು ಪಟ್ಟಿಗೂ ಮಿಕ್ಕಿತು. ಡಾಸಿನ ಮೊದಲ ಆವೃತ್ತಿಗಳ ಮೂಲಬರಹವನ್ನು 2018ರಲ್ಲಿ ಮೈಕ್ರೋಸಾಫ್ಟ್ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿದೆ. ವಿಂಡೋಸ್ 98ಕ್ಕೆ ಆ ಬಿಡುಗಡೆ ದೊರೆತಿಲ್ಲ.

ಕೊನೆಗೆ ನನ್ನ ಕಷ್ಟ ಪರಿಹಾರವಾದದ್ದು ಬೆಳಗಿನ ವಾಯುವಿಹಾರದಲ್ಲಿ. ಬ್ಯಾಂಕಿನಿಂದ ನಿವೃತ್ತರಾದ ನೆರೆಯವರೊಬ್ಬರು, ಮಗ ಹಿಂದೆ ಬಿಡಿಯಾಗಿ ಕೊಂಡಿದ್ದ ವಿಂಡೋಸ್ 98ರ ಪೆಟ್ಟಿಗೆ ಅಲಮಾರಿನಲ್ಲಿದೆ ಎಂದರು. ತಟ್ಟೆ, ಕೈಪುಸ್ತಕ, ಇಪ್ಪತ್ತೈದು ಅಕ್ಷರಗಳ ಕೀಲಿಸಂಖ್ಯೆಯುಳ್ಳ ಪ್ರಮಾಣಪತ್ರ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಹಾಗೆಯೇ ಒಯ್ಯಿರಿ ಎಂದರೂ ನಾನು ಸಾವಿರ ರೂಪಾಯಿ ಕೊಟ್ಟು, ಇದರ ಪ್ರತಿ ತಮ್ಮಲ್ಲಿ ಉಳಿದಿಲ್ಲವೆಂದು ಅವರ ಮಗನಿಂದ ಒಂದು ಕಾಗದ ಬರೆಯಿಸಿಕೊಂಡೆ. ವಿದ್ಯಾರ್ಥಿ ಕಾಗದವನ್ನು ಓದಿ, "ಹೊಲ ಬರೆಸಿಕೊಂಡ ಹಾಗಿದೆ ಮೇಷ್ಟ್ರೇ" ಎಂದ. ಅಂದು ರಾತ್ರಿ ಗುಜರಿಯ ಯಂತ್ರ ಕಣ್ಣು ಬಿಟ್ಟಿತು. ಬೀಗ ಒಪ್ಪಿತು. 'ಅಟ್ಟ' ಎಂಬ ಮೊದಲ ಪದ ಪರದೆಯ ಮೇಲೆ ಮೂಡಿದಾಗ ನನ್ನ ಕನ್ನಡಕ ಮಂಜಾಯಿತು.

ಆದರೂ ಎಲ್ಲವೂ ದಕ್ಕಲಿಲ್ಲ. ಡಿಸ್ಕಿನ ಕೆಲವು ಭಾಗ ಕೆಟ್ಟುಹೋಗಿ, ಹದಿನೇಳು ಪದಗಳಿಗೆ ಅರ್ಥದ ಸಾಲುಗಳೇ ಇರಲಿಲ್ಲ. ಪದವಿದೆ, ಅರ್ಥವಿಲ್ಲ. ಹೇಳಿಕೊಟ್ಟಿದ್ದ ಕೊನೆಗೌಡ ತೀರಿಕೊಂಡು ಬಹಳ ಕಾಲವಾಗಿದೆ. ಬೆಂಗಳೂರಿನಲ್ಲಿ ಕಾರು ಓಡಿಸುವ ಆತನ ಮಗನಿಗೆ ಫೋನು ಮಾಡಿ ಒಂದೊಂದಾಗಿ ಓದಿ ಹೇಳಿದೆ. "ಅಪ್ಪ ಕೂಗ್ತಿದ್ದದ್ದು ಕಿವಿಯಲ್ಲಿದೆ ಸಾರ್. ಏನಂತ ಗೊತ್ತಿಲ್ಲ" ಎಂದ. ಆರು ಪದಗಳನ್ನು ಬೇರೆ ಹಿರಿಯರು ಗುರುತಿಸಿಕೊಟ್ಟರು. ಉಳಿದ ಹನ್ನೊಂದನ್ನು ಅರ್ಥದ ಜಾಗ ಖಾಲಿ ಬಿಟ್ಟೇ ಅಚ್ಚು ಹಾಕಿಸುವವನಿದ್ದೇನೆ. ಓದಿದವರಲ್ಲಿ ಯಾರಾದರೂ ಬಲ್ಲವರು ಇರಬಹುದು.

ನನ್ನಂತೆ ಹಳೆಯ ಬರಹವನ್ನು ಹಳೆಯ ಯಂತ್ರದಲ್ಲಿ ಇಟ್ಟುಕೊಂಡ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಿಗೆ ಎರಡು ಮಾತು. ಹಳೆಯ ತಟ್ಟೆ, ಪ್ರಮಾಣಪತ್ರ, ರಸೀದಿಗಳನ್ನು ಎಸೆಯಬೇಡಿ. ಕಾನೂನು ಒಪ್ಪುವ ಒಂದು ರಕ್ಷಾಪ್ರತಿಯನ್ನು ಇಂದೇ ಮಾಡಿಡಿ. ಹಳೆಯ ಸಿಸ್ಟಮ್ಮನ್ನು ಅಂತರಜಾಲಕ್ಕೆ ಮಾತ್ರ ಜೋಡಿಸಬೇಡಿ, ಅದರ ಕಾವಲುಗಾರರು ಎಂದೋ ಮನೆಗೆ ಹೋಗಿದ್ದಾರೆ. ಎರಡನೆಯದು ಇದಕ್ಕಿಂತ ಮುಖ್ಯ: ಯಂತ್ರ ಇನ್ನೂ ಉಸಿರಾಡುತ್ತಿರುವಾಗಲೇ ಬರಹವನ್ನು ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತಕ್ಕೆ ಬದಲಾಯಿಸಿಕೊಳ್ಳಿ. ಕನ್ನಡಕ್ಕೆ ಅದರಲ್ಲಿ 1991ರಿಂದಲೇ ಸ್ಥಾನವಿದೆ. ನಾನು ಬರೆಯುತ್ತಿದ್ದಾಗ ನನ್ನ ಯಂತ್ರಕ್ಕೆ ಆ ಶಕ್ತಿಯಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಅಕ್ಷರಗಳೊಡನೆ ಬಂದಿತು. ಆಗಲೇ ಬದಲಾಯಿಸಿಕೊಳ್ಳಬಹುದಿತ್ತು. ಮಾಡಲಿಲ್ಲ. ಬೀಗವೂ ಕೀಲಿಯೂ ನನ್ನ ಮೇಜಿನ ಮೇಲೆಯೇ ಇದ್ದುದರಿಂದ ಒಳಗಿರುವುದೂ ನನ್ನದೇ ಎಂದು ನಂಬಿಕೊಂಡಿದ್ದೆ.

ವಿದ್ಯಾರ್ಥಿಯೊಡನೆ ಎರಡು ತಿಂಗಳು ಕುಳಿತು ಪದಕೋಶವನ್ನೆಲ್ಲ ಹೊಸ ಸಂಕೇತಕ್ಕೆ ಇಳಿಸಿದ್ದಾಯಿತು. ವಿಂಡೋಸ್ 98ರ ಪೆಟ್ಟಿಗೆ ಈಗ ನನ್ನ ಪುಸ್ತಕದ ಬೀರುವಿನಲ್ಲಿ, ನಿಘಂಟುಗಳ ಪಕ್ಕದಲ್ಲಿದೆ. ಇನ್ನು ನನಗೆ ಅದರ ಅಗತ್ಯವಿಲ್ಲ. ಇಂಥದೇ ಕಷ್ಟದಲ್ಲಿ ಯಾರಾದರೂ ಬಂದರೆ, ತಟ್ಟೆ, ಕೈಪುಸ್ತಕ, ಪ್ರಮಾಣಪತ್ರಗಳ ಜೊತೆಗೆ ನೆರೆಯವರ ಮಗನ ಆ ಕಾಗದವನ್ನೂ ಇಟ್ಟು ಒಪ್ಪಿಸಿಬಿಡುತ್ತೇನೆ.