ಕಾಲು ತೆಗೆಯದ ಚಿಕಿತ್ಸೆ



ನಮ್ಮ ಬಸವಕಲ್ಯಾಣ ಇನ್ನೂ ಬರೀ ಕಲ್ಯಾಣವಾಗಿದ್ದಾಗ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನವನ್ನು ಆಸ್ತಿ ಪಾಲಿನ ತಗಾದೆಗಳಿಂದಾಗಿ ವಕೀಲರೆಲ್ಲ ಬಲ್ಲರು. ಅದೇ ಸ್ಮೃತಿ ಗಂಟುಗಳ್ಳರಿಗೆ ಹೇಳಿದ ಶಿಕ್ಷೆ ಅಷ್ಟು ಪರಿಚಿತವಲ್ಲ: ಮೊದಲ ಸಲ ಸಿಕ್ಕಿಬಿದ್ದರೆ ಹೆಬ್ಬೆರಳು, ತೋರುಬೆರಳು ಹೋಗಬೇಕು, ಎರಡನೆಯ ಸಲಕ್ಕೆ ಒಂದು ಕೈ, ಒಂದು ಕಾಲು. ಕಡಿಯುವುದು ಎಲ್ಲ ಕಾಲಕ್ಕೂ ಸುಲಭವಾಗಿತ್ತು. ಕಡಿಯದೆ ಉಳಿಸುವ ವಿದ್ಯೆ ಕೈಗೂಡಲು ಮಾತ್ರ ಶತಮಾನಗಳು ಹಿಡಿದವು.

1792ರ ಮೈಸೂರು ಯುದ್ಧದಲ್ಲಿ ಕವಾಸ್ಜಿ ಎಂಬವನು ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಆಮೇಲೆ ಪುಣೆಯ ಕಡೆಯ ಒಬ್ಬ ನಾಟಿ ವೈದ್ಯ, ಜಾತಿಯಿಂದ ಇಟ್ಟಿಗೆ ಮಾಡುವವನು, ಅವನ ಹಣೆಯ ಚರ್ಮವನ್ನು ಬುಡ ಬಿಡಿಸದೆ ತಿರುಗಿಸಿ ಹೊಸ ಮೂಗು ಕೂರಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತ ಅಚ್ಚು ಹಾಕಿತು. ಬುಡ ಬಿಡಿಸಬಾರದು, ಅಲ್ಲಿಂದ ರಕ್ತ ಹರಿಯುತ್ತಿರಬೇಕು ಎಂಬ ಆ ವೈದ್ಯನ ತಿಳಿವಳಿಕೆಯ ಮೇಲೆಯೇ ಇಂದು ಜಜ್ಜಿದ ಕಾಲಿನ ಎಲುಬಿಗೆ ಮಾಂಸದ ಹೊದಿಕೆ ಹಾಕುತ್ತಾರೆ. ಅವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಕವಾಸ್ಜಿಗೆ ಮೂಗು ಬಂತು, ಕೈ ಹೋದದ್ದು ಹೋಯಿತು.

ಕೈಕಾಲಿನ ವಿಷಯದಲ್ಲಿ ದೊಡ್ಡ ವೈರಿ ಕೀವು. ಎಲುಬು ಮುರಿದು ಚರ್ಮ ಹರಿದು ಹೊರಬಂತೆಂದರೆ ಜೀವ ಉಳಿಸಲು ಕಾಲು ತೆಗೆಯುವುದೇ ರೂಢಿ. 1865ರಲ್ಲಿ ಗ್ಲಾಸ್ಗೋ ನಗರದಲ್ಲಿ 11 ವರ್ಷದ ಹುಡುಗನ ಕಾಲಿನ ಮೇಲೆ ಗಾಡಿಯ ಚಕ್ರ ಹಾಯಿತು. ಸರ್ಜನ್ ಜೋಸೆಫ್ ಲಿಸ್ಟರ್ ಗರಗಸ ಕೈಗೆತ್ತಿಕೊಳ್ಳದೆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಕಟ್ಟಿದ. ಕೀವು ತುಂಬಲಿಲ್ಲ, ಆರು ವಾರಕ್ಕೆ ಎಲುಬು ಕೂಡಿತು.

ಕೀವು ಹತೋಟಿಗೆ ಬಂದರೂ ಎಲುಬಿನ ತುಂಡೇ ಹಾರಿಹೋದರೆ ಏನು ಮಾಡುವುದು? ಇದಕ್ಕೆ ಉತ್ತರ ಬಂದದ್ದು ಸೈಬೀರಿಯಾದ ಕುರ್ಗಾನ್ ಊರಿನಿಂದ. 1950ರ ದಶಕದಲ್ಲಿ ಅಲ್ಲಿನ ವೈದ್ಯ ಇಲಿಝರೋವ್, ಯುದ್ಧದಲ್ಲಿ ಗಾಯಗೊಂಡವರ ಕಾಲಿಗೆ ಹೊರಗಿನಿಂದ ಲೋಹದ ಬಳೆ ತೊಡಿಸಿ, ತೆಳು ತಂತಿಗಳನ್ನು ಎಲುಬಿನಲ್ಲಿ ಹಾಯಿಸಿ ಬಿಗಿದ. ಗಟ್ಟಿ ಎಲುಬನ್ನು ಒಂದು ಕಡೆ ಜಾಣತನದಿಂದ ಕತ್ತರಿಸಿ, ದಿನಕ್ಕೆ ಒಂದು ಮಿಲಿಮೀಟರ್‌ನಂತೆ ತಿರುಪು ತಿರುಗಿಸುತ್ತ ಹೋದರೆ ನಡುವಿನ ಸಂದಿಯಲ್ಲಿ ಹೊಸ ಎಲುಬು ಹುಟ್ಟುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ಬ್ರುಮೆಲ್, 1965ರ ಮೋಟಾರ್ ಸೈಕಲ್ ಅಪಘಾತದ ನಂತರ ಹತ್ತಾರು ಆಪರೇಷನ್ ಮಾಡಿಸಿಕೊಂಡು ಬೇಸತ್ತು ಇವನ ಬಳಿ ಹೋದ. ಮತ್ತೆ ಜಿಗಿಯುವಷ್ಟು ಸುಧಾರಿಸಿದ. ಆದರೂ ಪಶ್ಚಿಮದ ವೈದ್ಯರಿಗೆ ಈ ವಿಧಾನ ಮುಟ್ಟಿದ್ದು 1981ರಲ್ಲಿ ಇಲಿಝರೋವ್ ಇಟಲಿಗೆ ಬಂದ ಮೇಲೆ!

ಕ್ಯಾನ್ಸರಿನ ಕಥೆ ಬೇರೆ. ಎಲುಬಿನ ಕ್ಯಾನ್ಸರ್ ಹೆಚ್ಚಾಗಿ ಬರುವುದು ಬೆಳೆಯುವ ಮಕ್ಕಳಿಗೆ, ಮೊಣಕಾಲಿನ ಆಸುಪಾಸಿನಲ್ಲಿ. 1970ರ ಮೊದಲು ಕಾಲು ತೆಗೆದರೂ ಐವರಲ್ಲಿ ಒಬ್ಬರು ಉಳಿದರೆ ಹೆಚ್ಚು, ಏಕೆಂದರೆ ಅಷ್ಟರೊಳಗೆ ಅದು ಪುಪ್ಪುಸಕ್ಕೆ ಹೋಗಿರುತ್ತಿತ್ತು. ಆಮೇಲೆ ಕೀಮೋಥೆರಪಿ ಬಂತು. ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ, ಗಡ್ಡೆಯ ಎಲುಬು ತೆಗೆದ ಜಾಗದಲ್ಲಿ ಕೂರಿಸಲು, ರೋಗಿಯ ಅಳತೆಗೆ ಲೋಹದ ಕೀಲು ತಯಾರಾಗಲು ವಾರಗಟ್ಟಲೆ ಬೇಕಿತ್ತು. ಸುಮ್ಮನೆ ಕಾಯುವುದೇಕೆಂದು ಅಷ್ಟರಲ್ಲೇ ಔಷಧಿ ಶುರು ಮಾಡಿದರು. ಗಡ್ಡೆ ಸಾಯುವುದು ಕಂಡಿತು. ಆಪರೇಷನ್ನಿಗೆ ಮೊದಲೇ ಕೀಮೋ ಕೊಡುವ ಪದ್ಧತಿ ಹೀಗೆ ಅಡ್ಡದಾರಿಯಿಂದ ಬಂದದ್ದು. 227 ರೋಗಿಗಳ ಲೆಕ್ಕ ತೆಗೆದ 1986ರ ಅಧ್ಯಯನವು ಕಾಲು ಉಳಿಸಿದ್ದರಿಂದ ಆಯುಷ್ಯ ಕಡಿಮೆಯಾಗಿಲ್ಲ ಎಂದು ತೋರಿಸಿತು. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಅದರ ಶಾಖೆ ಕಲಬುರಗಿಯಲ್ಲೇ ಇದೆ. ಮೊಣಕಾಲ ಬಾವನ್ನು ಉಳುಕು ಅಂದುಕೊಂಡು ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ತಿಕ್ಕಿಸುವ ಮನೆಗಳು ಮಾತ್ರ ಈಗಲೂ ಇವೆ. ರಾತ್ರಿ ನೋವು ಹೆಚ್ಚುವ, ದಿನೇ ದಿನೇ ದಪ್ಪವಾಗುವ ಬಾವಿಗೆ ಮೊದಲು ಎಕ್ಸ್‌ರೇ ಮಾಡಿಸಿರಿ.

ನಮ್ಮ ಭಾಗದಲ್ಲಿ ಸಕ್ಕರೆ ಬೇನೆಯಿಂದಲೂ ಕಾಲು ಹೋಗುತ್ತವೆ. ಇದರ ಗುಟ್ಟು ತಿಳಿದದ್ದು ಕುಷ್ಠರೋಗದಿಂದ. 1940ರ ದಶಕದ ಕೊನೆಗೆ ವೆಲ್ಲೂರಿಗೆ ಬಂದ ಸರ್ಜನ್ ಪಾಲ್ ಬ್ರಾಂಡ್, ರೋಗಿಗಳ ಬೆರಳು ತಾವಾಗಿ ಉದುರುವುದಿಲ್ಲ, ನೋವು ತಿಳಿಯದ್ದರಿಂದ ಗಾಯದ ಮೇಲೆ ಗಾಯವಾಗಿ ಹಾಳಾಗುತ್ತವೆ ಎಂದು ಕಂಡುಕೊಂಡರು. ಸಕ್ಕರೆ ಬೇನೆಯಲ್ಲೂ ಹಾಗೇ: ಪಾದ ಮರಗಟ್ಟುತ್ತದೆ, ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಒತ್ತಡ ಹಂಚುವ ಮೆತ್ತನೆ ರಬ್ಬರಿನ ಚಪ್ಪಲಿ ಕುಷ್ಠರೋಗದ ಆಸ್ಪತ್ರೆಗಳಿಂದಲೇ ಸಕ್ಕರೆ ಬೇನೆಯವರಿಗೂ ಬಂತು. ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಗವಿ ಇರುವ ನಮ್ಮ ಊರಿನ ಮಂದಿಗೆ ಚಪ್ಪಲಿಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಚಪ್ಪಲಿ ಹೊಲಿಯುವವರ ಪಾಲು ಇಲ್ಲಿ ಸರ್ಜನ್ನರಿಗಿಂತ ಕಡಿಮೆಯಲ್ಲ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬರಿಗಾಲಲ್ಲಿ ನಡೆಯುವ ಶುಗರ್ ಇರುವವರು ಅಂದು ರಾತ್ರಿಯೇ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಲಿ.

ಏನೇ ಆದರೂ ಕಾಲು ಉಳಿಸಲೇಬೇಕೆಂಬ ಹಟವೂ ಸರಿಯಲ್ಲ. ಅಮೆರಿಕದಲ್ಲಿ ತೀವ್ರವಾಗಿ ಜಜ್ಜಿದ ಕಾಲಿನ 569 ರೋಗಿಗಳನ್ನು ಎರಡು ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಾಲು ಉಳಿಸಿಕೊಂಡವರ ಮತ್ತು ತೆಗೆಸಿಕೊಂಡವರ ಓಡಾಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆ ಸೇರಬೇಕಾಯಿತು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ವೈದ್ಯರು ಗಾಯಕ್ಕೆ ಅಂಕ ಕೊಡುವ ಪದ್ಧತಿ ಮಾಡಿದ್ದಾರೆ: 14ರೊಳಗಿದ್ದರೆ ಉಳಿಸು, 17 ಮುಟ್ಟಿದರೆ ತೆಗೆ, ನಡುವಿನದ್ದು ಅನುಭವಕ್ಕೆ ಬಿಟ್ಟದ್ದು. ಆ ನಡುವಿನ ಜಾಗದಲ್ಲಿ ಡಾಕ್ಟರು ‘ತೆಗೆಯಬೇಕು’ ಅಂದರೆ ಅವರನ್ನು ಕಟುಕ ಅನ್ನಬೇಡಿ.

ಇಂಥ ಗಾಯಗಳು ನಮಗೂ ದೂರವಲ್ಲ: ಹೈದರಾಬಾದ್–ಸೋಲಾಪುರ ಹೆದ್ದಾರಿ ನಮ್ಮ ಹುಮನಾಬಾದ್, ಸಸ್ತಾಪುರ ಬಂಗ್ಲಾ ಹಾಯ್ದೇ ಹೋಗುತ್ತದೆ. ರಕ್ತ ನಿಂತ ಮಾಂಸಖಂಡ ಸುಮಾರು ಆರು ತಾಸು ತಾಳುತ್ತದೆ. ಅಪಘಾತ ಕಂಡರೆ 108ಕ್ಕೆ ಫೋನ್ ಮಾಡಿ, ರಕ್ತ ಸುರಿಯುವ ಕಡೆ ಸ್ವಚ್ಛ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಮೇಲೆ ಹಗ್ಗ ಬಿಗಿದು ತಾಸುಗಟ್ಟಲೆ ಬಿಟ್ಟರೆ ಉಳಿಯಬಹುದಾದ ಕಾಲೂ ಸಾಯುತ್ತದೆ. ಬೆರಳು ತುಂಡಾಗಿ ಬಿದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಐಸು ನೇರವಾಗಿ ಬೆರಳಿಗೆ ತಾಗಬಾರದು.