ರೋಗಿಯ ಜೊತೆಯಲ್ಲಿ ಬರುವುದೇನು?

(ಬಸವೇಶ್ವರನಗರದ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಬಸವೇಶ್ವರನಗರದಿಂದ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ದೂರವೇನಿಲ್ಲ. ಒಂದು ಕಡೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ ಆಸ್ಪತ್ರೆ, ನಡುವೆ ಎಷ್ಟೋ ನರ್ಸಿಂಗ್ ಹೋಮುಗಳು.

ಕಾರ್ಖಾನೆಯ ಕೆಲಸಗಾರನೊಬ್ಬ ಕಾಯಿಲೆ ಬಿದ್ದನೆನ್ನಿ. ಮೊದಲು ಹತ್ತಿರದ ನರ್ಸಿಂಗ್ ಹೋಮು. ಕೈಯಲ್ಲಿದ್ದ ಹಣ ಮುಗಿದ ದಿನ ಇನ್ನೊಂದು ಆಸ್ಪತ್ರೆ. ಅಲ್ಲಿ ಹಾಸಿಗೆ ಇಲ್ಲವೆಂದರೆ ಮತ್ತೊಂದು. ಅವನ ಜೊತೆಯಲ್ಲಿ ಬಿಲ್ಲು ಬರುತ್ತದೆ, ಎಕ್ಸ್‌ರೇ ಬರುತ್ತದೆ. ಕಣ್ಣಿಗೆ ಕಾಣದ ಇನ್ನೊಂದೂ ಬರಬಹುದು: ಔಷಧಿಗೆ ಬಗ್ಗದ ರೋಗಾಣು.

ಈ ರೋಗಾಣು ಕರುಳಿನಲ್ಲಿ ಸದ್ದಿಲ್ಲದೆ ಇರಬಲ್ಲದು. ಹೊತ್ತವನಿಗೆ ಜ್ವರವೂ ಇರಲಿಕ್ಕಿಲ್ಲ. ಕೈ ತೊಳೆಯದೆ ಹಾಸಿಗೆಯಿಂದ ಹಾಸಿಗೆಗೆ ನಡೆದವರ ಕೈಯಿಂದ ಅದು ಪಕ್ಕದವನಿಗೆ ದಾಟುತ್ತದೆ. ಮೂತ್ರಕ್ಕೆ, ಉಸಿರಿಗೆ ಹಾಕಿದ ಕೊಳವೆಯ ದಾರಿ ಹಿಡಿದು ಒಳಗೆ ಇಳಿಯುತ್ತದೆ. ಆಮೇಲೆ ಸಾವಿರಾರು ರೂಪಾಯಿಯ ಇಂಜೆಕ್ಷನ್ನೂ ನಾಟುವುದಿಲ್ಲ. 2019 ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಇಂಥ ಸೋಂಕಿನಿಂದಲೇ ಸತ್ತರೆಂದು ವಿಜ್ಞಾನಿಗಳ ಅಂದಾಜು.

2008ರಲ್ಲಿ ದೆಹಲಿಯಿಂದ ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನ ಮೂತ್ರದಲ್ಲಿ ಇಂಥದೊಂದು ರೋಗಾಣು ಸಿಕ್ಕಿತು. ಅದರ ಪ್ರತಿರೋಧದ ಗುಣಕ್ಕೆ ನಮ್ಮ ರಾಜಧಾನಿಯ ಹೆಸರನ್ನಿಟ್ಟರು. ನಾವು ಹೆಸರಿಗಾಗಿ ಜಗಳವಾಡಿದೆವು. ವಾರ್ಡಿನ ನಲ್ಲಿಯಲ್ಲಿ ನೀರಿದೆಯೇ, ಸೋಪಿದೆಯೇ ಎಂದು ಕೇಳಲಿಲ್ಲ.

ಇದು ಹಣೆಬರಹವಲ್ಲ. ಇಸ್ರೇಲಿನಲ್ಲಿ 2006ರಲ್ಲಿ ಇಂಥ ರೋಗಾಣು ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿತು. 2007ರಲ್ಲಿ ಸರ್ಕಾರ ಕಟ್ಟಪ್ಪಣೆ ಮಾಡಿತು: ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು, ಅಂಥವರನ್ನು ಬೇರೆ ಇಡಬೇಕು, ಅವರಿಗೆ ಬೇರೆ ದಾದಿಯರಿರಬೇಕು. ಮರುವರ್ಷದ ಹೊತ್ತಿಗೆ ಹೊಸ ಪ್ರಕರಣಗಳು ಬಹಳ ಇಳಿದವು. ಒಂದು ಆಸ್ಪತ್ರೆ ಮಾತ್ರ ಶುಚಿಯಾಗಿದ್ದರೆ ಸಾಲದು. ಊರಿನ ಆಸ್ಪತ್ರೆಗಳೆಲ್ಲ ಒಂದೇ ಮನೆಯ ಕೋಣೆಗಳಿದ್ದಂತೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ರೋಗಿಯನ್ನು ಕಳಿಸುವ ಆಸ್ಪತ್ರೆ ಅವನ ಕಲ್ಚರ್ ಪರೀಕ್ಷೆಯ ಫಲಿತಾಂಶವನ್ನೂ ಕೊಟ್ಟ ಔಷಧಿಗಳ ಪಟ್ಟಿಯನ್ನೂ ಬರೆದು ಕೊಡಲಿ, ಮುಂದಿನ ಆಸ್ಪತ್ರೆಗೆ ಮೊದಲೇ ತಿಳಿಸಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಯೋಗಾಲಯ ಇರಲಿ, ದಾದಿಯರ ಸಂಖ್ಯೆ ಹೆಚ್ಚಲಿ. ಒಬ್ಬ ದಾದಿಗೆ ವಾರ್ಡು ಪೂರ್ತಿ ಒಪ್ಪಿಸಿ, ಕೈ ತೊಳೆಯಲಿಲ್ಲವೆಂದು ಬೈಯುವುದು ನ್ಯಾಯವಲ್ಲ.

"ಹಾಗೆ ಬರೆದರೆ ಹಾಸಿಗೆಯನ್ನೇ ಕೊಡುವುದಿಲ್ಲವಲ್ಲ?" ಎಂದು ನೀವು ಕೇಳಬಹುದು. ಆ ಭಯ ನಿಜ. ಬಡವನನ್ನು ಬಾಗಿಲಲ್ಲೇ ತಡೆಯುವ ಸಾಧನ ಆ ಕಾಗದವಾಗಕೂಡದು. ತಿಳಿಸುವ ಕಟ್ಟಳೆಯ ಜೊತೆಗೇ ನಿರಾಕರಿಸಬಾರದೆಂಬ ಕಟ್ಟಳೆಯೂ ಬರಬೇಕು. ರೋಗಿ ಅಪರಾಧಿಯಲ್ಲ, ಅವನಿಗೆ ಅದು ಅಂಟಿದ್ದು ಹೆಚ್ಚಾಗಿ ಆಸ್ಪತ್ರೆಯಲ್ಲೇ.

ಅಲ್ಲಿಯವರೆಗೆ ನಾವು ಮಾಡಬಹುದಾದುದೊಂದಿದೆ. ನಮ್ಮವರನ್ನು ಬೇರೆ ಕಡೆಗೆ ಕರೆದೊಯ್ಯುವಾಗ ಬಿಲ್ಲಿನ ಜೊತೆ ಕಲ್ಚರ್ ವರದಿಯ ಪ್ರತಿಯನ್ನೂ ಕೇಳಿ ಪಡೆಯೋಣ. ಅದು ಭಿಕ್ಷೆಯಲ್ಲ, ಹಕ್ಕು.