ಯಂತ್ರ ಎದ್ದಿತೆಂದು ನಂಬುವುದು ಹೇಗೆ?



ಕಲಬುರಗಿಯಲ್ಲಿ ಕೂತವರು ಕಮಲಾಪುರದ ಕಚೇರಿಯೊಂದರ ಸರ್ವರ್‌ಗೆ ‘ರೀಬೂಟ್ ಆಗು’ ಎಂದು ಆಜ್ಞೆ ಕಳಿಸಿದರು ಅನ್ನಿ. ಕಣ್ಣಿಗೆ ಕಾಣದ ಆ ಯಂತ್ರ ನಿಜವಾಗಿ ಆರಿ ಮತ್ತೆ ಹೊತ್ತಿಕೊಂಡಿತೇ, ಇಲ್ಲಾ ಸುಮ್ಮನೆ ಹೂಂಗುಟ್ಟಿತೇ?

ಈ ಶತಮಾನದ ಆರಂಭದಲ್ಲಿ ನಮ್ಮ ಕಡೆ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. ರಾಜೀವ್ ಚಾವ್ಲಾ ಮುನ್ನಡೆಸಿದ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದಾಗ ಕಮಲಾಪುರ ಇನ್ನೂ ಕಲಬುರಗಿ ತಾಲ್ಲೂಕಿನ ಒಂದು ಹೋಬಳಿ. ತಾಲ್ಲೂಕು ಕಚೇರಿಯ ಯಂತ್ರ ಹ್ಯಾಂಗ್ ಆದರೆ ಪಕ್ಕದಲ್ಲಿದ್ದವರೇ ಗುಂಡಿ ಒತ್ತಿ, ಪರದೆ ಬೆಳಗುವುದನ್ನು ಕಣ್ಣಾರೆ ನೋಡಬಹುದಿತ್ತು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಕಮಲಾಪುರವೂ ಸೇರಿತು. ಕಚೇರಿ ಹೆಚ್ಚಿದಂತೆ ಯಂತ್ರಗಳೂ ಹೆಚ್ಚುತ್ತವೆ. ಅವನ್ನು ನೋಡಿಕೊಳ್ಳುವ ಕೈಗಳು ಮಾತ್ರ ಆ ಲೆಕ್ಕದಲ್ಲಿ ಹೆಚ್ಚುವುದಿಲ್ಲ, ಅದು ಎಲ್ಲ ಊರಿನ ಕಥೆ.

ದೂರದಿಂದಲೇ ಯಂತ್ರ ಆಳುವ ಆಸೆ ಹಳೆಯದು. 1993ರಲ್ಲಿ ಓಸ್ಲೋದಲ್ಲಿ ಮಾರ್ಕ್ ಬರ್ಜೆಸ್ ‘ಸಿಎಫ್‌ಎಂಜಿನ್’ ಎಂಬ ತಂತ್ರಾಂಶ ಬರೆದರು. 1995ರಲ್ಲಿ ಫಿನ್ಲೆಂಡಿನ ತತು ಯ್ಲೋನೆನ್ ‘ಎಸ್‌ಎಸ್‌ಎಚ್’ ಎಂಬ ಸುರಕ್ಷಿತ ದಾರಿ ಹಾಕಿಕೊಟ್ಟರು. 2012ರಲ್ಲಿ ಮೈಕೆಲ್ ಡಿಹಾನ್ ಅವರ ‘ಆನ್ಸಿಬಲ್’ ಅದೇ ದಾರಿಯಲ್ಲಿ ನೂರಾರು ಯಂತ್ರಗಳಿಗೆ ಒಟ್ಟಿಗೆ ಆಜ್ಞೆ ಕೊಡತೊಡಗಿತು.

ತೊಡಕು ಹುಟ್ಟಿದ್ದು ಇಲ್ಲೇ. ಆಜ್ಞೆ ಕೊಟ್ಟು ಹತ್ತು ಸೆಕೆಂಡ್ ಬಿಟ್ಟು ‘ಇದ್ದೀಯಾ?’ ಎಂದು ಪಿಂಗ್ ಮಾಡಿದರೆ ‘ಇದ್ದೀನಿ’ ಎಂಬ ಉತ್ತರ ಬರುತ್ತದೆ. ಆದರೆ ಆ ಯಂತ್ರ ಇನ್ನೂ ಆರಿಯೇ ಇರಲಿಕ್ಕಿಲ್ಲ. ಡೇಟಾಬೇಸ್ ಮುಚ್ಚುತ್ತ ತಡವಾಗಿರಬಹುದು. ‘ಜಳಕ ಆತೇನೋ?’ ಅಂದರೆ ಹುಡುಗ ಆಡುತ್ತಲೇ ‘ಆತವ್ವಾ’ ಅನ್ನುತ್ತಾನೆ. ತಾಯಿ ಆ ಮಾತು ನಂಬದೆ ತಲೆ ಮುಟ್ಟಿ ನೋಡುತ್ತಾಳೆ. ಯಂತ್ರಕ್ಕೂ ಅಂಥದೊಂದು ಹಸಿ ಗುರುತು ಬೇಕಿತ್ತು.

ಮೊದಲು ಗಡಿಯಾರ ನಂಬಿದರು. ಯುನಿಕ್ಸ್‌ನ ‘ಅಪ್‌ಟೈಮ್’ ಆಜ್ಞೆ, ಯಂತ್ರ ಎದ್ದು ಎಷ್ಟು ಹೊತ್ತಾಯಿತು ಎಂದು ಹೇಳುತ್ತದೆ. ‘ಹೂ ಮೈನಸ್ ಬಿ’ ಎಂದರೆ ಎದ್ದ ಗಳಿಗೆಯನ್ನೇ ತೋರಿಸುತ್ತದೆ. ಆದರೆ ಗಡಿಯಾರ ತಪ್ಪಾಗುತ್ತದೆ, ತಿದ್ದಲಾಗುತ್ತದೆ. ಆಗ ಎದ್ದ ಗಳಿಗೆಯ ಲೆಕ್ಕವೂ ಅಲುಗಾಡುತ್ತದೆ. ಲಿನಕ್ಸ್ ಕೊಟ್ಟ ಉತ್ತರ ನನಗೆ ಹೆಚ್ಚು ಮೆಚ್ಚುಗೆ. ಯಂತ್ರ ಎದ್ದಾಗಲೆಲ್ಲ ಅದರ ಕರ್ನಲ್, ಅಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಹೊಸದೊಂದು ಯಾದೃಚ್ಛಿಕ ಗುರುತು ಪಡೆಯುತ್ತದೆ. ಅದರ ಹೆಸರು ಬೂಟ್ ಐಡಿ, ಅಡ್ಡಗೆರೆಗಳೂ ಸೇರಿ 36 ಅಕ್ಷರ. ಯಂತ್ರ ಆರುವವರೆಗೆ ಅದು ಬದಲಾಗದು. 2018ರಲ್ಲಿ ಆನ್ಸಿಬಲ್‌ಗೆ ರೀಬೂಟ್‌ಗೆಂದೇ ಒಂದು ಘಟಕ ಸೇರಿತು. ಇಂದು ಅದು ಲಿನಕ್ಸ್‌ನಲ್ಲಿ ರೀಬೂಟಿಗೆ ಮೊದಲು ಈ ಗುರುತು ಓದಿಟ್ಟುಕೊಂಡು, ಅದು ಬದಲಾಗುವವರೆಗೆ ಮತ್ತೆ ಮತ್ತೆ ಕೇಳುತ್ತದೆ. ಬೇರೆ ಹೇಳದಿದ್ದರೆ 600 ಸೆಕೆಂಡ್ ಕಾದು ‘ಆಗಲಿಲ್ಲ’ ಎಂದು ಕೈಬಿಡುತ್ತದೆ.

ಹಾಗಂತ ಗುರುತು ಬದಲಾಯಿತೆಂದರೆ ನಮ್ಮ ಆಜ್ಞೆಯೇ ಫಲಿಸಿತೆಂದೂ ಅಲ್ಲ. ನಡುವೆ ಕರೆಂಟ್ ಹೋಗಿ ಬಂದರೂ ಅದು ಬದಲಾಗುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿರುವ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ನಾನೇನೂ ಬಿಡಿಸಿ ಹೇಳಬೇಕಿಲ್ಲ. ಎದ್ದದ್ದು ಹಳೆಯ ಕರ್ನಲ್‌ನಲ್ಲೋ ಹೊಸದರಲ್ಲೋ ಎಂಬುದನ್ನೂ ಬೇರೆಯೇ ನೋಡಬೇಕು.

ಏಳಲಾಗದ ಯಂತ್ರದ ಮುಂದೆ ಈ ಜಾಣತನವೆಲ್ಲ ನಿಲ್ಲುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾದರು. ಎಷ್ಟೋ ಯಂತ್ರಗಳು ನೆಟ್‌ವರ್ಕ್ ಹಿಡಿಯುವ ಮೊದಲೇ ಬೀಳುತ್ತಿದ್ದುದರಿಂದ ದೂರದ ಆಜ್ಞೆ ಅವನ್ನು ಮುಟ್ಟಲೇ ಇಲ್ಲ. ಸಿಬ್ಬಂದಿ ಒಂದೊಂದರ ಮುಂದೆಯೂ ಹೋಗಿ ನಿಂತು ಕೈಯಾರೆ ಸರಿಪಡಿಸಬೇಕಾಯಿತು.

ಕಾಲೇಜು, ಕಚೇರಿ, ಬ್ಯಾಂಕುಗಳಲ್ಲಿ ಯಂತ್ರ ನೋಡಿಕೊಳ್ಳುವ ಗೆಳೆಯರೇ, ರೀಬೂಟ್ ಕೊಡುವ ಮೊದಲು ಬೂಟ್ ಐಡಿ ಬರೆದಿಟ್ಟುಕೊಳ್ಳಿ, ಆಮೇಲೆ ತಾಳೆ ನೋಡಿ. ಅಷ್ಟಕ್ಕೇ ಬಿಡದೆ, ಆ ಕಚೇರಿಗೆ ಫೋನ್ ಮಾಡಿ, ಕೌಂಟರಿನಲ್ಲಿ ಕಾದಿರುವವರಿಗೆ ಒಂದು ಪಹಣಿ ಪ್ರಿಂಟ್ ಆಗಿ ಬಂತೇ ಎಂದೂ ಕೇಳಿ.